ಅನಮೋಡ ಘಾಟಿನ ಅಂಕಿಗಳು

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ ಮನ್ಸೂರ ಮಿಸ್ತ್ರಿಯ ಪಂಪಿನ ಗ್ಯಾರೇಜು. ಡೀಸೆಲ್ ತುಂಬಿಸುವ ಪಂಪಲ್ಲ. ಲಾರಿಯ ಇಂಜಿನ್ನಿಗೆ ಅಂಟಿಕೊಂಡು ಕೂತು, ಯಾವ ಹೊತ್ತಿಗೆ ಎಷ್ಟು ಎಣ್ಣೆ ಒಳಗೆ ಹೋಗಬೇಕೆಂದು ಅಳೆದು ಕೊಡುವ ಪಂಪು. ಅದನ್ನು ಬಿಚ್ಚಿ ತಂದು ಟೆಸ್ಟ್ ಬೆಂಚಿಗೆ ಕಟ್ಟಿ ತಿರುಗಿಸಿದರೆ, ಸಾವಿರ ಹೊಡೆತಕ್ಕೆ ಎಷ್ಟು ಸಿಸಿ ಡೀಸೆಲ್ ಬೀಳುತ್ತದೆ ಎಂಬುದನ್ನು ಬೆಂಚಿನ ಕಂಪ್ಯೂಟರು ತೋರಿಸುತ್ತದೆ. ಇಷ್ಟು ಕೆಲಸ ಹುಬ್ಬಳ್ಳಿಯಲ್ಲೂ ಆಗುತ್ತದೆ. ಆದರೂ ಮುಂಡಗೋಡ, ಜೋಯಿಡಾ ಕಡೆಯ ಲಾರಿಯವರು ಮನ್ಸೂರನನ್ನೇ ಹುಡುಕಿಕೊಂಡು ಬರುತ್ತಿದ್ದುದಕ್ಕೆ ಕಾರಣ ಅನಮೋಡ ಘಾಟು.

ಕಂಪನಿಯವರು ಕೊಡುವ ಅಂಕಿ ಸಪಾಟು ರಸ್ತೆಗೆ ಸರಿ ಎನ್ನುವುದು ಮನ್ಸೂರನ ವಾದ. ಬೆಂಚಿನ ಮೇಲೆ ಪಂಪು ಸರಿಮಾಡಿದ ಮೇಲೆ ಅವನು ಲಾರಿಯಲ್ಲಿ ಡ್ರೈವರನ ಪಕ್ಕ ಹತ್ತಿ ಕೂರುತ್ತಿದ್ದ. ಮಾಲು ತುಂಬಿದ ಲಾರಿ ಗೋವಾದ ಕಡೆ ಘಾಟು ಇಳಿದು, ಕೆಳಗೆ ತಿರುಗಿ ಮತ್ತೆ ಏರುವಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೊಗೆ ನೋಡುತ್ತಿದ್ದ. ಕಪ್ಪಾದರೆ ನಿಲ್ಲಿಸಿ ಪಂಪಿನ ತಿರುಪು ಕಾಲು ಸುತ್ತು ಹಿಂದೆ. ಇಂಜಿನ್ನು ಉಸಿರು ಕಟ್ಟಿದರೆ ಕಾಲು ಸುತ್ತು ಮುಂದೆ. ಹೊಗೆ ತಿಳಿಯಾಗಿ ಲಾರಿ ನಿರಾಯಾಸವಾಗಿ ಏರಿದಾಗ ಸಿಕ್ಕ ಲೆಕ್ಕವನ್ನು ಗ್ಯಾರೇಜಿಗೆ ಬಂದು ಆ ಲಾರಿಯ ಹೆಸರಿನಲ್ಲಿ ಕಂಪ್ಯೂಟರಿಗೆ ಹಾಕುತ್ತಿದ್ದ. ಕಾಗದದ ಮೇಲೆ ಎಂದೂ ಬರೆದಿಡಲಿಲ್ಲ. ಎಣ್ಣೆಗೈಯಲ್ಲಿ ಕಾಗದ ಎರಡು ದಿನ ಬಾಳುವುದಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಸೇರಿದ ಅಂಕಿಗಳು ಮೂರು ಸಾವಿರದ ಎಂಟುನೂರ ಹನ್ನೆರಡು.

ಆ ಕಂಪ್ಯೂಟರು ಕಳೆದ ವಾರ ಕಟಕಟ ಎಂದು ನಿಂತಿತು.

ಮಗಳು ಅಂಜುಮ ಹಳಿಯಾಳದ ಕಾಲೇಜೊಂದರ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಬೆಂಚಿನ ಪ್ರೋಗ್ರಾಮು ಹಳೆಯ ವಿಂಡೋಸಿನಲ್ಲಿ ಮಾತ್ರ ನಡೆಯುವಂಥದು, ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿದೆ ಎಂದು ಅವಳು ಎರಡು ದಿನ ಹುಡುಕಿ ಖಾತ್ರಿ ಮಾಡಿಕೊಂಡಳು. ಗಾಜಿನ ನಳಿಗೆ ಹಿಡಿದು ಡೀಸೆಲ್ ಅಳೆಯುವ ಹಳೆಯ ವಿದ್ಯೆ ಅಪ್ಪನಿಗೆ ಬರುತ್ತದೆ, ಪಂಪಿನ ಕೆಲಸ ನಿಲ್ಲುವುದಿಲ್ಲ. ಆದರೆ ಅಂಕಿ ಹೋದರೆ ಹೋದಂತೆಯೇ. ಐವತ್ತೊಂಬತ್ತರ ವಯಸ್ಸಿನಲ್ಲಿ ಅಷ್ಟು ಸಾವಿರ ಸಲ ಮತ್ತೆ ಆ ಘಾಟು ಏರಲಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಅಂಜುಮ ಹಳೆಯ ಹಾರ್ಡ್ ಡಿಸ್ಕು ಬಿಚ್ಚಿ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಅದರಲ್ಲಿದ್ದುದನ್ನೆಲ್ಲ ಚುಕ್ಕೆ ಬಿಡದೆ ಒಂದೇ ಫೈಲಾಗಿ ನಕಲು ಮಾಡಿದಳು. ಒಂಬತ್ತು ತಾಸು ಹಿಡಿಯಿತು. ನಕಲು ಮುಗಿದು ಅರ್ಧ ತಾಸಿಗೆ ಡಿಸ್ಕು ತಿರುಗುವುದನ್ನೇ ಬಿಟ್ಟಿತು.

ಶನಿವಾರ ಮಧ್ಯಾಹ್ನ ಅವಳು ಲ್ಯಾಪ್‌ಟಾಪನ್ನು ಗ್ಯಾರೇಜಿಗೆ ತಂದಾಗ ಗಂಗಾರಾಮನೂ ಅಲ್ಲಿದ್ದ. ಮುಂಡಗೋಡ ತಾಲೂಕಿನ ಚಿಗಳ್ಳಿಯ ಹತ್ತಿರದವನು, ಗೋವಾಕ್ಕೆ ಇಟ್ಟಿಗೆಯ ಲೋಡು ಹೊಡೆಯುವ ಲಾರಿ ಅವನದು. ಪಂಪು ಬಿಚ್ಚಿಸಿಕೊಂಡು ಎರಡು ದಿನದಿಂದ ಕಾಯುತ್ತಿದ್ದ. ಅಂಜುಮ ಇಬ್ಬರಿಗೂ ವಿವರಿಸಿದಳು: ಈ ಲ್ಯಾಪ್‌ಟಾಪಿನೊಳಗೆ ಇನ್ನೊಂದು ಕಂಪ್ಯೂಟರನ್ನು ಎಬ್ಬಿಸುತ್ತೇನೆ, ಅದಕ್ಕೆ ಡಬ್ಬಿ ಇಲ್ಲ, ತಂತಿ ಇಲ್ಲ. ಇದರ ಮೆಮೊರಿಯಲ್ಲಿ ಒಂದು ಪಾಲು ಅದಕ್ಕೆ. ನಕಲು ಮಾಡಿದ ಫೈಲನ್ನೇ ಅದು ತನ್ನ ಡಿಸ್ಕು ಎಂದು ತಿಳಿಯುತ್ತದೆ. ತಾನು ಇನ್ನೊಂದರ ಹೊಟ್ಟೆಯಲ್ಲಿದ್ದೇನೆ ಎನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಎಬ್ಬಿಸುವ ಮೊದಲು ಅವಳು ಒಂದು ಸಣ್ಣ ಕೆಲಸ ಮಾಡಿದಳು. ಯಾವ ಪ್ರಯೋಗಕ್ಕೂ ಮುಂಚೆ ಮಾದರಿಯಲ್ಲಿ ಒಂದಿಷ್ಟು ತೆಗೆದು ಬೇರೆ ಇಡುವುದು ಲ್ಯಾಬಿನಲ್ಲಿ ಕೈಗೆ ಅಂಟಿದ ಪದ್ಧತಿ. ಹಾಗೆಯೇ ಆ ಒಳಗಿನ ಯಂತ್ರದ ಸ್ಥಿತಿಯನ್ನು ಇದ್ದಹಾಗೆ ಗುರುತು ಮಾಡಿಟ್ಟಳು. ಆಮೇಲೆ ಗುಂಡಿ ಒತ್ತಿದಳು.

ಲ್ಯಾಪ್‌ಟಾಪಿನ ಪರದೆಯ ನಡುವೆ ಒಂದು ಚೌಕ ಕಪ್ಪಾಯಿತು. ಬಿಳಿ ಅಕ್ಷರಗಳು ಓಡಿದವು. ಆಮೇಲೆ ಹಳೆಯ ವಿಂಡೋಸಿನ ಹಸಿರು ಗುಡ್ಡ, ನೀಲಿ ಆಕಾಶ, ಎಡಗಡೆ ಬೆಂಚಿನ ಪ್ರೋಗ್ರಾಮಿನ ಕೆಂಪು ಗುರುತು. ಅದರ ಕೆಳಗೆ ಎಂದೋ ಅಂಜುಮಳೇ ಶಾಲೆಯಲ್ಲಿದ್ದಾಗ ಬಿಡಿಸಿ ಉಳಿಸಿದ್ದ ಮೀನಿನ ಚಿತ್ರ. ಮನ್ಸೂರ ಬಗ್ಗಿ ಲ್ಯಾಪ್‌ಟಾಪಿನ ಅಡಿ ನೋಡಿದ. ಮೂಲೆಯಲ್ಲಿ ಬಾಯಿ ತೆರೆದು ಬಿದ್ದಿದ್ದ ಹಳೆಯ ಕಬ್ಬಿಣದ ಡಬ್ಬಿಯನ್ನು ನೋಡಿದ. ಮತ್ತೆ ಪರದೆ ನೋಡಿದ.

"ಡಬ್ಬಿ ಅಲ್ಲಿ ಬಿದ್ದೈತಿ. ಇದು ಇಲ್ಲಿ ಕುಂತೈತಿ," ಎಂದ ಮೆಲ್ಲಗೆ.

"ಮನ್ಸೂರಭಾಯಿ, ನನ್ನ ಲಾರಿನೂ ಹಿಂಗ ಒಂದು ಸ್ಕೂಟರಿನೊಳಗ ಹಾಕಿಸಿಕೊಡ್ರಿ. ಟಯರಿನ ಖರ್ಚರ ಉಳೀತೈತಿ," ಎಂದ ಗಂಗಾರಾಮ.

ಅಂಜುಮ ನಗುತ್ತಲೇ ಪ್ರೋಗ್ರಾಮು ತೆರೆದಳು. ಇಂಗ್ಲಿಷಿನಲ್ಲಿ ಒಂದು ಸಾಲು ಕಾಣಿಸಿತು, ಅದರ ಕೆಳಗೆ ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತುಂಬಿಕೊಂಡಿತು. ಸಾಲಿನ ಅರ್ಥ ಅವಳ ತಲೆಗೆ ಹೋಗುವಷ್ಟರಲ್ಲಿ ಪಟ್ಟಿ ಮುಗಿದಿತ್ತು. 'ಹತ್ತು ವರ್ಷಕ್ಕಿಂತ ಹಳೆಯ ದಾಖಲೆಗಳನ್ನು ಅಳಿಸಲಾಗುತ್ತಿದೆ' ಎಂದಿತ್ತು ಅದು. ಲಾರಿಗಳ ಯಾದಿ ತೆರೆಯಿತು. ಒಂದೂ ಸಾಲಿರಲಿಲ್ಲ. ಕೆಳಗೆ ಸೊನ್ನೆ.

ಅಪ್ಪ ಸೊನ್ನೆಯನ್ನೇ ನೋಡುತ್ತ ವೇಸ್ಟ್ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ.

"ಹೋಗಲಿ ಬೇಟಾ," ಎಂದ. "ನೀ ಏನ್ ಬೇಕಂತ ಮಾಡಿಲ್ಲ."

ಹೋಗಿಲ್ಲ ಎಂದಳು ಅಂಜುಮ. ತೆಗೆದಿಟ್ಟ ಗುರುತಿಗೆ ತಿರುಗಿ ಹೋದರೆ ಈ ಯಂತ್ರ ಕಾಲು ತಾಸು ಹಿಂದೆ ಇದ್ದಂತೆ ಆಗುತ್ತದೆ; ಪ್ರೋಗ್ರಾಮು ತೆರೆದದ್ದೇ ಅದಕ್ಕೆ ನೆನಪಿರುವುದಿಲ್ಲ. ಗಂಗಾರಾಮ ಬೀಡಿ ಹಚ್ಚಲು ಹೋದವನು ಹಾಗೇ ಹಿಡಿದುಕೊಂಡು ನಿಂತ. ಆದರೆ ಅವಳ ಸಂಕಟ ಬೇರೆ ಇತ್ತು. ಹಿಂದಕ್ಕೆ ಹೋಗಿ ಮತ್ತೆ ತೆರೆದರೆ ಅದು ಮತ್ತೆ ಅಳಿಸುತ್ತದೆ. ಯಾಕೆ ಅಳಿಸುತ್ತದೆ? ಕೊನೆಯ ಲಾರಿಯ ಅಂಕಿ ಹೋದ ವಾರ ಹಾಕಿದ್ದು. ಅದು ಹತ್ತು ವರ್ಷದ ಹಿಂದಿನದು ಹೇಗಾಯಿತು?

ಮನ್ಸೂರ ಕನ್ನಡಕ ಏರಿಸಿ ಪರದೆಯ ಬಲಗಡೆಯ ಕೆಳಮೂಲೆಗೆ ಬೆರಳಿಟ್ಟ.

"ಇದಕ್ಕ ಇವತ್ತಿನ ತಾರೀಖು ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ ಅಬ್ಬಾ. ಲ್ಯಾಪ್‌ಟಾಪಿಂದ ತಗೊಂತೈತಿ."

"ಇದಕ್ಕ ತಾರೀಖ ಗೊತ್ತಿರಲಿಲ್ಲ. ದಿನಾ ಮುಂಜಾನೆ ಚಾಲೂ ಮಾಡಿದ ಕೂಡಲೇ ಒಂದು ತಕರಾರು ಬರತಿತ್ತು. ಎಫ್ ಒಂದು ಒತ್ತಿದ್ರ ಮುಂದ ಹೋಗತಿತ್ತು. ಬೆಳಗಾವಿಯಿಂದ ಸೆಕೆಂಡ್ ಹ್ಯಾಂಡ್ ತಂದಾಗಿಂದ ಹಂಗ. ಒಳಗಿನ ಬ್ಯಾಟ್ರಿ ಸತ್ತೈತಿ ಅಂದ್ರು. ಕೆಲಸ ನಡದೈತಲ್ಲ, ಯಾಕ ಬಿಚ್ಚೂದು ಅಂತ ನಾ ಬಿಟ್ಟೆ. ದಿನಾ ಒಂದ ತಾರೀಖು ಅದರದು, ಒಂದನೇ ಜನವರಿ ಎರಡು ಸಾವಿರದ ಎರಡು."

ಹಾಗಾದರೆ ಹಾಕಿದ ಅಂಕಿಗಳಿಗೆಲ್ಲ ಅದೇ ತಾರೀಖು ಬಿದ್ದಿದೆ ಎಂದು ಅಂಜುಮಳಿಗೆ ಹೊಳೆಯಿತು. ನಡೆಯುವ ಇಂಜಿನ್ನನ್ನು ಸುಮ್ಮನೆ ಬಿಚ್ಚದಿರುವುದು ಅಪ್ಪನ ಕಸುಬಿನ ಶಿಸ್ತು. ಆ ಶಿಸ್ತಿನಿಂದಲೇ ನಾಲ್ಕಾಣೆಯಷ್ಟು ಅಗಲದ ಒಂದು ಬ್ಯಾಟರಿ ಹತ್ತೊಂಬತ್ತು ವರ್ಷ ಬದಲಾಗದೆ ಉಳಿದಿತ್ತು. ಸರಿಯಾದ ತಾರೀಖು ಗೊತ್ತಿದ್ದಿದ್ದರೆ ಪ್ರೋಗ್ರಾಮು ವರ್ಷ ವರ್ಷವೂ ಹಳೆಯ ಅಂಕಿಗಳನ್ನು ಯಾರಿಗೂ ತಿಳಿಯದಂತೆ ತಿನ್ನುತ್ತ ಬಂದಿರುತ್ತಿತ್ತು. ತಪ್ಪು ತಾರೀಖು ಇಷ್ಟು ವರ್ಷ ಅವನ್ನು ಕಾದಿತ್ತು. ಒಳ್ಳೆಯದು ಮಾಡಲು ಬಂದ ಅವಳು ಅರಿವಿಲ್ಲದೆ ಸರಿಯಾದ ತಾರೀಖು ಕೊಟ್ಟು ಅಳಿಸಿದ್ದಳು.

ಅವಳು ಒಳಗಿನ ಯಂತ್ರವನ್ನು ನಿಲ್ಲಿಸಿ ಗುರುತಿಗೆ ಹಿಂದಿರುಗಿಸಿದಳು. ಲ್ಯಾಪ್‌ಟಾಪಿನ ಗಡಿಯಾರ ಅದಕ್ಕೆ ತಾಗದಂತೆ ಬಿಡಿಸಿದಳು. ಎರಡು ತಾರೀಖುಗಳ ನಡುವಿನ ದಿನಗಳನ್ನು ಎಣಿಸಿ, ಎರಡನೆಯ ಸಲ ಎಣಿಸಿ ನೋಡಿ, ಅಷ್ಟು ದಿನ ಹಿಂದಕ್ಕೆ ಅದರ ಕಾಲವನ್ನು ಸರಿಸಿದಳು. ಮತ್ತೆ ಕಪ್ಪು ಚೌಕ, ಬಿಳಿ ಅಕ್ಷರ, ಹಸಿರು ಗುಡ್ಡ. ಮೂಲೆಯಲ್ಲಿ ಒಂದನೇ ಜನವರಿ. ಅವಳು ಕೆಂಪು ಗುರುತನ್ನು ಒತ್ತಿದಳು.

ನೀಲಿ ಪಟ್ಟಿ ಬರಲಿಲ್ಲ. ಯಾದಿ ತೆರೆದು, ಕೆಳಗೆ ಮೂರು ಸಾವಿರದ ಎಂಟುನೂರ ಹನ್ನೆರಡು ಎಂದು ತೋರಿಸಿತು.

ಮನ್ಸೂರ ಸ್ಟೂಲು ಎಳೆದುಕೊಂಡು ಕೂತು ಸಾಲುಗಳನ್ನು ಮೇಲಕ್ಕೆ ಸರಿಸುತ್ತ ಹೋದ. ಅಡಿವೆಯ್ಯನ ಹತ್ತು ಗಾಲಿಯ ಲಾರಿ. ಕುಂಬಾರವಾಡದ ಬಸ್ಸು, ಅದನ್ನು ಗುಜರಿಗೆ ಹಾಕಿ ಎಂಟು ವರ್ಷವಾಯಿತು. ಮುದಕಪ್ಪನ ಲಾರಿ, ಮೂರನೇ ತಿರುವಿನಲ್ಲಿ ಬಿಳಿ ಹೊಗೆ ಬಿಟ್ಟದ್ದು. ಒಂದೊಂದು ಅಂಕಿಗೂ ಅವನು ಘಾಟಿನ ಒಂದೊಂದು ಜಾಗ ಹೇಳುತ್ತಿದ್ದ. ಅಂಜುಮ ನೋಡುತ್ತಿದ್ದುದು ಪಕ್ಕದ ಅಂಕಣವನ್ನು. ಅಷ್ಟೂ ಸಾಲುಗಳಿಗೆ ಒಂದೇ ತಾರೀಖು. ದಿನವೂ ನಡುರಾತ್ರಿಯಿಂದ ಶುರುವಾಗುತ್ತಿದ್ದ ಆ ಗಡಿಯಾರಕ್ಕೆ, ಒಂಬತ್ತಕ್ಕೆ ಗ್ಯಾರೇಜು ತೆರೆಯುವ ಅಪ್ಪನ ಬೆಳಗಿನ ಹತ್ತು ಗಂಟೆ ಎಂದರೆ ರಾತ್ರಿ ಒಂದು. ಅವಳ ಶಾಲೆ, ಕಾಲೇಜು, ಅಣ್ಣನ ಮದುವೆ, ಅಪ್ಪನ ಮಂಡಿನೋವು, ಅಷ್ಟೆಲ್ಲ ಕಳೆದುಹೋದರೂ ಯಂತ್ರದ ಲೆಕ್ಕದಲ್ಲಿ ಒಂದು ದಿನ ಇನ್ನೂ ಮುಗಿದಿರಲಿಲ್ಲ. ಬೆಳಕಿನ ವೇಗದ ಹತ್ತಿರಕ್ಕೆ ಹೋದರೆ ಕಾಲ ನಿಧಾನವಾಗುತ್ತದೆ ಎಂದು ಅವಳು ಓದಿದ್ದಳು. ಮೊಳಕಾಲೆತ್ತರದ ಸ್ಟೂಲಿನ ಮೇಲೆ ಕೂತ ಒಬ್ಬ ಮನುಷ್ಯ ಒಂದೇ ದಿನದಲ್ಲಿ ಮೂರು ಸಾವಿರದ ಎಂಟುನೂರು ಸಲ ಘಾಟು ಏರಿದ್ದನ್ನು ಯಾವ ಪುಸ್ತಕವೂ ಹೇಳಿರಲಿಲ್ಲ.

ಸಂಜೆಯೊಳಗೆ ಅವಳು ಆ ಫೈಲಿನ ಎರಡು ನಕಲು ಮಾಡಿ ಬೇರೆ ಬೇರೆ ಕಡೆ ಇಟ್ಟಳು.

ಮರುದಿನ ಬೆಳಗ್ಗೆ ಯಂತ್ರವನ್ನು ಎಬ್ಬಿಸಿದಾಗ ಮನ್ಸೂರನ ಬೆರಳು ರೂಢಿಯಂತೆ ಎಫ್ ಒಂದರ ಮೇಲೆ ಹೋಗಿ ನಿಂತಿತು. ತಕರಾರು ಬರಲಿಲ್ಲ. ನೇರವಾಗಿ ಗುಡ್ಡ ಕಾಣಿಸಿತು. ಮೂಲೆಯಲ್ಲಿ ಎರಡನೇ ಜನವರಿ.

"ಇದು ಮುಂದ ನಡದೈತಿ," ಎಂದ ಅವನು.

ಇನ್ನು ಮೇಲೆ ನಮ್ಮ ಜೊತೆ ದಿನಕ್ಕೊಂದು ದಿನ ನಡೆಯುತ್ತದೆ ಎಂದಳು ಅಂಜುಮ. ಸುಮಾರು ಹತ್ತು ವರ್ಷದ ಮೇಲೆ ಅದು ಮತ್ತೆ ಅಳಿಸಲು ಹೊರಡುತ್ತದೆ, ಅಷ್ಟರೊಳಗೆ ಎಲ್ಲವನ್ನೂ ಬೇರೆ ಕಡೆ ಇಳಿಸಿಕೊಳ್ಳುತ್ತೇನೆ ಎಂದೂ ಹೇಳಿದಳು. ಅಪ್ಪ ತಲೆದೂಗಿದ. ಗಂಗಾರಾಮನ ಲಾರಿಯ ಹಳೆಯ ಅಂಕಿ ತೆಗೆಸಿ, ಬೆಂಚಿನ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಅದಕ್ಕೆ ಸರಿಯಾಗಿ ಪಂಪು ಕೂರಿಸಿದ. ಪಂಪಿನೊಳಗಿನ ಸಾಮಾನು ಹೊಸದಾದ್ದರಿಂದ ಘಾಟು ಮತ್ತೆ ನೋಡಲೇಬೇಕಿತ್ತು. ಹನ್ನೊಂದು ಗಂಟೆಗೆ ಇಟ್ಟಿಗೆ ತುಂಬಿದ ಲಾರಿ ಅವನನ್ನು ಹತ್ತಿಸಿಕೊಂಡು ಹೊರಟಿತು.

ಮೂರೂವರೆಗೆ ಅಂಜುಮಳ ಫೋನು ಬಡಿಯಿತು. ಹಿಂದೆ ಇಂಜಿನ್ನಿನ ಸದ್ದು, ಗಂಗಾರಾಮ ಯಾರನ್ನೋ ದಾರಿ ಬಿಡೆಂದು ಬೈಯುತ್ತಿದ್ದ.

"ಘಾಟಿನ ಮ್ಯಾಲ, ಅನಮೋಡ ನಾಕಾದಾಗ ಅದೀವಿ. ಚೊಲೋ ಏರಿತು. ಅರವತ್ತೊಂದೂವರೆ ಸಿಸಿ. ಹಾಕು."

"ನಾನ ಹಾಕಲಿ ಅಬ್ಬಾ? ನೀವು ಬರೂತನಕ ತೆರೆದಿಟ್ಟಿರತೇನಿ."

"ನೀ ಹಾಕು. ಹೊಗಿ ಹೆಂಗಿತ್ತಂತ ಬಂದು ಹೇಳತೇನಿ. ಮುಂದಿನ ಸಲ ನೀನೂ ಬಾ, ಕಿಟಕಿ ಕಡೆ ಕುಂದ್ರು."

ಅವಳು ಲಾರಿಯ ನಂಬರು ಬರೆದು, ಅಂಕಿ ಬರೆದು, ಎರಡು ಸಲ ಓದಿಕೊಂಡಳು. ಉಳಿಸುವ ಗುಂಡಿ ಒತ್ತಿದಾಗ ಮೂರು ಸಾವಿರದ ಎಂಟುನೂರ ಹದಿಮೂರನೆಯ ಸಾಲು ಯಾದಿಯ ತುದಿಯಲ್ಲಿ ಬಂದು ಕೂತಿತು.