ಗೈರುಹಾಜರಿಯ ನೂರಕ್ಕೆ ನೂರು

ನಾನು ಪ್ರಶಸ್ತಿ ಫಲಕದ ಗಾಜು ಒರೆಸುತ್ತಿದ್ದೆ. ಶಾಸಕರು ಸಮಾನತೆ, ಮಾನವ ಹಕ್ಕುಗಳ ಪರ ಎಷ್ಟು ಮತ ಹಾಕಿದರೆಂದು ಅಳೆದು ಅಂಕ ಕೊಡುವ ಕಚೇರಿ ನಮ್ಮದು. ನೂರಕ್ಕೆ ನೂರು ಪಡೆದ ಶಾಸಕರು ಸೋಫಾದಲ್ಲಿ ಕೂತಿದ್ದರು.

ಗೈರುಹಾಜರಿ ಲೆಕ್ಕಕ್ಕಿಲ್ಲ ಎಂಬುದು ನಮ್ಮ ನಿಯಮ. ಇಂಥ ಮಸೂದೆ ಬಂದಾಗಲೆಲ್ಲ ಈ ಪುಣ್ಯಾತ್ಮರು ಸದನದ ಹೊರಗಿನ ಮೊಗಸಾಲೆಗೆ ಎದ್ದು ಹೋಗುತ್ತಿದ್ದರು. ಒಮ್ಮೆ ಮಾತ್ರ ಒಳಗೆ ಸಿಕ್ಕಿಬಿದ್ದು 'ಹೌದು' ಎಂದಿದ್ದರು. ಹಾಕಿದ್ದು ಒಂದೇ ಮತ, ಅದೂ ಸರಿ! ಈ ನಿಯಮ ಶಾಲೆಯಲ್ಲಿದ್ದಿದ್ದರೆ ಏಳನೇ ಕ್ಲಾಸಿಗೇ ಬಿಟ್ಟ ನಾನೂ ರ‍್ಯಾಂಕ್ ಬರುತ್ತಿದ್ದೆ.

ಹೆಂಗಸರಿಗೂ ಗಂಡಸರಷ್ಟೇ ಕೂಲಿ ಕೊಡಬೇಕೆಂಬ ಮಸೂದೆ ಒಂದೇ ಮತದಿಂದ ಬಿದ್ದಾಗಲೂ ಅವರು ಮೊಗಸಾಲೆಯಲ್ಲೇ ಇದ್ದರು. ಅದನ್ನೇ ನೆಚ್ಚಿಕೊಂಡಿದ್ದ ನನ್ನಕ್ಕ ಇನ್ನೂ ಅರ್ಧ ಕೂಲಿಗೆ ಇಟ್ಟಿಗೆ ಹೊರುತ್ತಿದ್ದಾಳೆ.

"ನಿಮ್ಮ ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇಲ್ಲ ಸಾರ್!" ಎಂದರು ನಮ್ಮ ನಿರ್ದೇಶಕರು.

"ಎಲ್ಲ ಜನರ ಆಶೀರ್ವಾದ ಕಣ್ರೀ." ಶಾಸಕರು ನನ್ನತ್ತ ತಿರುಗಿದರು. "ಏನಮ್ಮಾ, ನಿನಗೇನಾದರೂ ಆಗಬೇಕಾ? ನಾಚಿಕೋಬೇಡ, ಕೇಳು."

ನಾನು ಫಲಕವನ್ನು ಮೇಜಿನ ಮೇಲಿಟ್ಟೆ.

"ಕೂಲಿ ಮಸೂದೆ ಮುಂದಿನ ವಾರ ಮತ್ತೆ ಬರುತ್ತಂತೆ ಸಾರ್. ಆವತ್ತು ದಯವಿಟ್ಟು ಒಳಗೇ ಕೂತಿರಿ."