ಹನ್ನೊಂದು ಸೆಕೆಂಡಿನ ಮೌನ

ಸಂಭಾಷಣೆ ಕಲಿಸುವ ಮೇಷ್ಟ್ರು ಕೊಟ್ಟ ಮನೆಕೆಲಸ ಕೇಳುವುದಕ್ಕೇನೋ ಸುಲಭವಾಗಿತ್ತು. ಮನೆಯವರ ಮಾತನ್ನು ಅರ್ಧ ಗಂಟೆ ಫೋನಿನಲ್ಲಿ ರೆಕಾರ್ಡ್ ಮಾಡಿ, ಒಂದಕ್ಷರ ಬಿಡದೆ ಬರೆದು ತರಬೇಕು. ಕೆಮ್ಮಿದರೆ ಕೆಮ್ಮನ್ನೂ ಬರೆಯಬೇಕು, ಸುಮ್ಮನಿದ್ದರೆ ಎಷ್ಟು ಸೆಕೆಂಡು ಸುಮ್ಮನಿದ್ದರೆಂದು ಬರೆಯಬೇಕು. "ಜನ ಹೇಗೆ ಮಾತಾಡ್ತಾರೆ ಅಂತ ನಿಮಗ್ಯಾರಿಗೂ ಗೊತ್ತಿಲ್ಲ. ಸೀರಿಯಲ್ ನೋಡ್ಕೊಂಡು ಸೀರಿಯಲ್ ಬರೀತೀರಿ. ಮೊದಲು ಕಿವಿ ತೊಳ್ಕೊಂಡು ಬನ್ನಿ" ಎಂದು ಬೈದೇ ಕಳಿಸಿದ್ದರು.

ತರಗತಿಯ ಹದಿನಾಲ್ಕು ಜನರಲ್ಲಿ ಹದಿಮೂರು ಮಂದಿ ಮೈಗಳ್ಳರು. ಅರ್ಧ ಗಂಟೆಯನ್ನು ಎರಡು ಪುಟಕ್ಕೆ ಇಳಿಸಿ, ಮೇಲೆ ತಮ್ಮದೊಂದಿಷ್ಟು ಒಗ್ಗರಣೆ ಹಾಕಿಕೊಂಡು ಬಂದಿದ್ದರು. ಟೈಪಿಸ್ಟಮ್ಮ ಮಾತ್ರ ಹತ್ತೊಂಬತ್ತು ಪುಟ ತಂದಿದ್ದಳು. ಹನ್ನೆರಡು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪು ಮಾಡಿದವಳು ಅವಳು. ಸಾಕ್ಷಿ ಸೀನಿದರೆ ಸೀನನ್ನೂ ಫೈಲಿಗೆ ಸೇರಿಸಿದವಳೆಂದು ಹುಡುಗರು ಕಿಚಾಯಿಸುತ್ತಿದ್ದರು.

ಮೂವತ್ತೆಂಟರಲ್ಲಿ ಅಂಥ ಕೆಲಸ ಬಿಟ್ಟು ಚಿತ್ರಕಥೆ ಕಲಿಯಲು ಹೊರಟಾಗ ನೆಂಟರೆಲ್ಲ ತಲೆ ಚಚ್ಚಿಕೊಂಡಿದ್ದರು. ಹೂಂ ಅಂದವಳು ಅಮ್ಮ ಒಬ್ಬಳೇ. "ಬೇರೆಯೋರು ಹೇಳಿದ್ದನ್ನೇ ಇನ್ನೂ ಎಷ್ಟು ವರ್ಷ ಬರೀತೀಯೇ? ನಿಂದು ಅಂತ ಏನಾದ್ರೂ ಬರಿ" ಎಂದು ಅರ್ಜಿಯನ್ನು ತಾನೇ ಹೋಗಿ ಅಂಚೆಗೆ ಹಾಕಿ ಬಂದಿದ್ದಳು. ಎಂಟು ತಿಂಗಳ ತರಬೇತಿಯಲ್ಲಿ ಈಗ ಆರು ಮುಗಿದಿತ್ತು. ಕೊನೆಗೆ ಒಬ್ಬರೇ ಒಬ್ಬರಿಗೆ ಒಂದು ಧಾರಾವಾಹಿಯ ಬರಹಗಾರರ ತಂಡದಲ್ಲಿ ಕೆಲಸ. ಅದು ತನಗೇ ಸಿಗಲಿ ಎಂದು ಟೈಪಿಸ್ಟಮ್ಮ ಯಾರಿಗೂ ಹೇಳದೆ ಆಸೆ ಕಟ್ಟಿಕೊಂಡಿದ್ದಳು.

ಅವಳು ಬರೆದು ತಂದದ್ದು ಭಾನುವಾರ ಮಧ್ಯಾಹ್ನ, ಊಟವಾದ ಮೇಲಿನ ಅರ್ಧ ಗಂಟೆ. ಅಪ್ಪ, ಅಮ್ಮ, ಮಗಳು, ಮೂರೇ ಪಾತ್ರ. ಮೇಷ್ಟ್ರು ಒಬ್ಬ ಹುಡುಗನಿಗೂ ಇಬ್ಬರು ಹುಡುಗಿಯರಿಗೂ ಪುಟ ಹಂಚಿ ಗಟ್ಟಿಯಾಗಿ ಓದಿಸಿದರು.

"ಇವಳ ಊಟ ಆಯ್ತೇನ್ರೀ?" ಅಮ್ಮನ ಪಾತ್ರದ ಹುಡುಗಿ ಓದಿದಳು.

"ಆಯ್ತಲ್ಲ, ಕೈ ತೊಳೆದು ಬಂದ್ಲು" ಎಂದು ಅಪ್ಪನ ಪಾತ್ರದ ಹುಡುಗ.

ಎರಡು ಪುಟ ದಾಟಿ, ಒಗೆದ ಬಟ್ಟೆಯ ಮಾತಿನ ನಡುವೆ ಮತ್ತೆ ಅದೇ: "ಇವಳ ಊಟ ಆಯ್ತೇನ್ರೀ?"

"ಎರಡೆರಡು ಸಲ ಬಡಿಸ್ಕೊಂಡಿದಾಳೆ. ನಿನ್ನ ಕೈ ಅಡುಗೆ ಬಿಡ್ತಾಳಾ?"

ಒಬ್ಬಿಬ್ಬರು ನಕ್ಕರು. ಮೂರನೇ ಸಲ ಅಪ್ಪ "ಪಾತ್ರೆ ತಳ ನೋಡು, ನಂಗೂ ಉಳಿಸಿಲ್ಲ" ಅಂದಾಗ ನಗು ಜೋರಾಯಿತು. ನಾಲ್ಕನೆಯದಕ್ಕೆ ಎಲ್ಲರೂ ಕಾದೇ ಕೂತಿದ್ದರು. ಯಾವ ಮನೆಯ ತಾಯಿ ಇದನ್ನು ಕೇಳುವುದಿಲ್ಲ ಹೇಳಿ! ಟೈಪಿಸ್ಟಮ್ಮನೂ ನಕ್ಕಳು. ಅಮ್ಮನ ಮಾತಿಗೆ ಇಷ್ಟು ಜನ ನಗುತ್ತಿದ್ದಾರಲ್ಲ ಎಂದು ಅವಳಿಗೆ ಹೆಮ್ಮೆಯೂ ಆಯಿತು. ಆರನೇ ಸಲ ಮಗಳ ಪಾತ್ರ ಸಿಡುಕಿತು: "ಅಯ್ಯೋ, ಎಷ್ಟು ಸಲ ಹೇಳೋದಮ್ಮ! ಆಯ್ತು, ಆಯ್ತು, ಆಯ್ತು!" ಅದರ ಕೆಳಗೆ ಬರೆದಿತ್ತು: ಮೌನ, ಹನ್ನೊಂದು ಸೆಕೆಂಡು. ಆಮೇಲೆ ಅಪ್ಪ ಫ್ಯಾನು ಯಾಕೋ ಸದ್ದು ಮಾಡುತ್ತಿದೆಯೆಂದು ಮಾತು ತಿರುಗಿಸುತ್ತಾನೆ. ಏಳನೇ ಸಲ ಅಮ್ಮ ಕೇಳುವುದು ಪಿಸುದನಿಯಲ್ಲಿ, ಅಪ್ಪನ ಹತ್ತಿರ ಮಾತ್ರ.

ಮೇಷ್ಟ್ರು ನಕ್ಕಿರಲಿಲ್ಲ. ಕೆಂಪು ಪೆನ್ಸಿಲ್ ಹಿಡಿದು ಮೊದಲ ಪುಟಕ್ಕೆ ತಿರುಗಿದರು.

"ಏಳು ಸಲ ಯಾಕಮ್ಮ? ಮೂರು ಸಾಕು. ಪ್ರೇಕ್ಷಕರು ಎದ್ದು ಹೋಗ್ತಾರೆ."

"ನಾನು ಸೇರಿಸಿದ್ದಲ್ಲ ಸಾರ್. ಅಮ್ಮ ಕೇಳಿದ್ದೇ ಏಳು ಸಲ."

"ಅರ್ಧ ಗಂಟೇಲಿ?"

"ಹೌದು ಸಾರ್. ಬೇಕಾದ್ರೆ ರೆಕಾರ್ಡಿಂಗ್ ಇದೆ."

ಪೆನ್ಸಿಲ್ ಅಲ್ಲೇ ನಿಂತಿತು. ಅವರು ಪುಟಗಳನ್ನು ಮತ್ತೆ ಹಿಂದಿನಿಂದ ಮುಂದಕ್ಕೆ ತಿರುವಿ ನೋಡಿದರು. ಎಂದೂ ಮೆತ್ತಗೆ ಮಾತಾಡದ ಮನುಷ್ಯ ಮೆತ್ತಗೆ ಕೇಳಿದರು, "ನಿಮ್ಮಪ್ಪನ ಉತ್ತರ ಗಮನಿಸಿದ್ಯಾ? ಒಂದೊಂದೂ ಬೇರೆ. ಒಂದು ಸಲಾನೂ 'ಹೇಳಿದ್ನಲ್ಲ' ಅಂದಿಲ್ಲ. ಅಮ್ಮಂಗೆ ವಯಸ್ಸೆಷ್ಟು?"

"ಅರವತ್ತೇಳು" ಅಂದಳು ಟೈಪಿಸ್ಟಮ್ಮ. ಅಂದವಳು ಮೇಷ್ಟ್ರ ಕೈಯಲ್ಲಿದ್ದ ಪುಟಗಳನ್ನೇ ನೋಡಿದಳು.

"ಇವತ್ತು ಮನೆಗೆ ಹೋಗಮ್ಮ" ಅಂದರು ಮೇಷ್ಟ್ರು.

ಬಸ್ಸಿನಲ್ಲಿ ಹತ್ತೊಂಬತ್ತು ಪುಟವನ್ನೂ ಮತ್ತೆ ಓದಿದಳು. ದಿನಾ ಕೇಳಿದ ಮಾತು, ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಗುತ್ತಿದ್ದ ಮಾತು. ಕಾಗದದ ಮೇಲೆ ಅದು ಹೋಗದೆ ಕೂತಿತ್ತು. ಕಣ್ಣಿನ ಡಾಕ್ಟರೆಂದು ಅಪ್ಪ ತಿಂಗಳಿಗೊಮ್ಮೆ ಅಮ್ಮನನ್ನು ಕರೆದೊಯ್ಯುತ್ತಿದ್ದದ್ದು ನೆನಪಾಯಿತು. ಅಂಗಡಿಯ ಮುಖ ನೋಡದವನು ಈಗ ಅವಳ ಬಾಲದಂತೆ ಮಾರುಕಟ್ಟೆಗೆ ಹೋಗುತ್ತಿದ್ದದ್ದು, ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದು, ಅದಕ್ಕೆ ತಾನು "ನಿವೃತ್ತಿ ಆದ್ಮೇಲೆ ಅಪ್ಪಂಗೆ ಹುಚ್ಚು" ಎಂದು ನಕ್ಕದ್ದು, ಎಲ್ಲ. ಇಷ್ಟು ದಿನ ಒಂದೇ ಸೂರಿನಡಿ ಇದ್ದೂ ಕುರುಡಿಯಾಗಿದ್ದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಮನೆಯಲ್ಲಿ ಅಮ್ಮನೇ ಊಟ ಬಡಿಸಿದಳು. ಮಗಳು ತಟ್ಟೆ ಖಾಲಿಯಾಗುವವರೆಗೂ ಉಂಡಳು. ಅಮ್ಮ ಮಲಗಿದ ಮೇಲೆ ಮಹಡಿಗೆ ಹೋದಳು. ಅಪ್ಪ ಅಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದ.

"ಯಾವಾಗಿಂದ ಅಪ್ಪ?" ಅಂದಳು. ಅಷ್ಟೇ ಅಂದದ್ದು.

ಅಪ್ಪ ಏನು, ಎತ್ತ ಎಂದು ಕೇಳಲಿಲ್ಲ. "ನೀನು ಕ್ಲಾಸಿಗೆ ಸೇರೋಕ್ಕೆ ಮುಂಚಿಂದ" ಅಂದ.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮ್ಮಮ್ಮ ಮಾತು ತಗೊಂಡ್ಲು. ಡಾಕ್ಟ್ರು ಹೇಳಿದ ದಿನ ಅಲ್ಲೇ ಮೆಟ್ಟಿಲ ಮೇಲೆ ಕೂತ್ಬಿಟ್ಲು. 'ಅವಳಿಗೆ ಹೇಳ್ಬೇಡಿ. ಹೇಳಿದ್ರೆ ಎಲ್ಲ ಬಿಟ್ಟು ನನ್ನ ಕಾಯ್ತಾ ಕೂತ್ಕೋತಾಳೆ. ಕಲಿಯೋದು ಮುಗೀಲಿ' ಅಂದ್ಲು. ಮಾರನೇ ದಿನವೇ ನಿನ್ನ ಅರ್ಜಿ ಅಂಚೆಗೆ ಹಾಕಿದ್ದು." ಅಪ್ಪ ಒಂದು ಅಂಗಿಯನ್ನು ಕೊಡವಿದ. "ಈಗ ಮಾತು ತಗೊಂಡಿದ್ದೂ ಅವಳಿಗೆ ನೆನಪಿಲ್ಲ. ನಾನೊಬ್ನೇ ಅದನ್ನ ಕಾಯ್ಕೊಂಡಿದೀನಿ."

ಅವಳು ಬಕೆಟ್ಟನ್ನು ಅಪ್ಪನ ಹತ್ತಿರ ಸರಿಸಿದಳು. "ಅಷ್ಟೊಂದು ಸಲ ಕೇಳಿದ್ರೂ ನಿಮಗೆ ಬೇಜಾರಾಗಲ್ವಾ?"

"ಮೂವತ್ತೊಂದು ವರ್ಷ ರೈಲ್ವೆ ವಿಚಾರಣೆ ಕಿಟಕೀಲಿ ಕೂತೋನು ಕಣಮ್ಮ ನಾನು. ಅದೇ ರೈಲು ಎಷ್ಟೊತ್ತಿಗೆ ಅಂತ ದಿನಕ್ಕೆ ಇನ್ನೂರು ಜನ ಕೇಳೋರು. ನಂಗದು ಇನ್ನೂರನೇ ಸಲ, ಕಿಟಕಿ ಮುಂದೆ ನಿಂತೋರಿಗೆ ಮೊದಲ್ನೇ ಸಲ. ರೇಗಿದ್ರೆ ಅವರೇನು ಮಾಡಿಯಾರು ಪಾಪ?" ಅಪ್ಪ ನಗಲು ನೋಡಿದ. "ಆದ್ರೆ ಆ ಕಿಟಕಿಗೆ ಸಂಜೆ ಬಾಗಿಲು ಹಾಕ್ತಿದ್ದೆ." ಅಷ್ಟಂದು ಆ ಒದ್ದೆ ಅಂಗಿಯಲ್ಲೇ ಮುಖ ಒರೆಸಿಕೊಂಡ.

"ನಾನು ಕ್ಲಾಸು ಬಿಟ್ಬಿಡ್ತೀನಿ."

"ಬಿಟ್ಟು ನೋಡು! ನಾನಿಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ. ಅವಳು ಮರೆತ್ಲು ಅಂತ ನಾನು ಮಾತು ತಪ್ಪಲಾ? ಇನ್ನೆರಡು ತಿಂಗಳು ತಾನೆ, ಮುಗಿಸು."

ಕೆಳಗೆ ಬಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ತಾನು ರೇಗಿದ ಜಾಗವನ್ನು ಹುಡುಕಿ ಹಾಕಿದಳು. ಬರೆಯುವಾಗ ತನ್ನ ದನಿ ಕೇಳಲು ನಾಚಿಕೆಯಾಗಿ ವಾಲ್ಯೂಮ್ ತಗ್ಗಿಸಿ, ಓಡುವ ಸೆಕೆಂಡುಗಳನ್ನು ಮಾತ್ರ ನೋಡಿ, ಮೌನ ಎಂದು ಬರೆದು ಮುಂದೆ ಹೋಗಿದ್ದಳು. ಈಗ ವಾಲ್ಯೂಮ್ ಪೂರ್ತಿ ಏರಿಸಿದಳು. ಫ್ಯಾನಿನ ಸದ್ದು. ಅಪ್ಪನ ಕುರ್ಚಿ ಸರಿದದ್ದು. ಅದರ ಕೆಳಗೆ, ಉಸಿರಿಗಿಂತ ಸ್ವಲ್ಪ ದೊಡ್ಡದಾಗಿ, ಅಮ್ಮ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು: "ಕೇಳಿದ್ನಾ... ಆಗ್ಲೇ ಕೇಳಿದ್ನಾ ನಾನು?"

ಹನ್ನೆರಡು ವರ್ಷದ ಕೋರ್ಟಿನ ಕೆಲಸದಲ್ಲಿ ಯಾರ ಒಂದು ಮಾತನ್ನೂ ಬಿಟ್ಟವಳಲ್ಲ ಟೈಪಿಸ್ಟಮ್ಮ. ಹೆತ್ತ ತಾಯಿಯದನ್ನು ಬಿಟ್ಟಿದ್ದಳು. ಪೆನ್ನು ತೆಗೆದು "ಮೌನ" ಎಂಬುದನ್ನು ಹೊಡೆದುಹಾಕಿ, ಆ ಜಾಗದಲ್ಲಿ ಅಮ್ಮನ ಮಾತನ್ನು ಬರೆದಳು. ಬರೆದು, ಇಯರ್‌ಫೋನ್ ಕಿತ್ತಿಟ್ಟು, ಬಾಯಿಗೆ ಕೈ ಒತ್ತಿಕೊಂಡು ಅತ್ತಳು.

ಹಿಂದೆ ಹೆಜ್ಜೆ ಸದ್ದಾಯಿತು. ನಿದ್ದೆಯಿಂದ ಎದ್ದ ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಕೇಳಲೋ ಬೇಡವೋ ಎಂದು ಅವಳು ತಡವರಿಸುವುದು ಮಗಳಿಗೆ ಇವತ್ತು ಮೊದಲ ಬಾರಿ ಕಂಡಿತು.

"ನಿಂದು... ಊಟ ಆಯ್ತೇನೇ?"

ಅವಳು ಕಣ್ಣೊರೆಸಿಕೊಂಡಳು. "ಇಲ್ಲಮ್ಮ. ಹೊಟ್ಟೆ ತುಂಬಾ ಹಸೀತಿದೆ. ಬಡಿಸ್ತೀಯಾ?"

ಅಮ್ಮನ ಮುಖ ಅರಳಿತು. ಅಲ್ಲಿಂದಲೇ ಮಹಡಿಯ ಕಡೆ ಕೂಗಿದಳು, "ನೋಡಿದ್ರಾ! ನಾನು ಕೇಳದೇ ಹೋಗಿದ್ರೆ ಈ ಹುಡುಗಿ ಹಸ್ಕೊಂಡೇ ಇರೋಳು!"

ಖಾಲಿ ಬಕೆಟ್ ಹಿಡಿದು ಇಳಿಯುತ್ತಿದ್ದ ಅಪ್ಪ ಮೆಟ್ಟಿಲ ಮೇಲೇ ನಿಂತ. ಮಗಳ ಮುಖ ನೋಡಿದ. "ಹೌದು ಕಣೇ, ನೀನು ಕೇಳಿದ್ದು ಒಳ್ಳೇದಾಯ್ತು" ಅಂದ.

ಮಗಳು ಊಟ ಮುಗಿಸಿ ತೊಳೆದಿಟ್ಟ ತಟ್ಟೆ ಇನ್ನೂ ಒದ್ದೆಯಾಗಿತ್ತು. ಅಮ್ಮ ಅದನ್ನೇ ತೆಗೆದು ಬಟ್ಟೆಯಲ್ಲಿ ಒರೆಸಿ ಬಡಿಸಿದಳು, ಮಗಳು ಕೈ ತೊಳೆದು ಬಂದು ಮತ್ತೆ ಉಣ್ಣಲು ಕೂತಳು.