ದೇವದಾರು ಹೀರಿದ ತುಪ್ಪ

ಕೇಸರಿಬಾತಿಗೆಂದು ತುಪ್ಪ ಕಾಯಿಸಲಿಟ್ಟ ಜಯಂತಿ ಮೂಗು ಮುಚ್ಚಿಕೊಂಡಳು. ಹಳಸಿದ ವಾಸನೆಯಲ್ಲ, ಕಮಟೂ ಅಲ್ಲ. ಟರ್ಪೆಂಟೈನ್ ಒರೆಸಿದ ಬಾಗಿಲಿನ ಹಾಗೆ. ಚಮಚದ ತುದಿಯಲ್ಲಿ ರುಚಿ ನೋಡಿದವಳು ಸಿಂಕಿಗೆ ಓಡಿ ಉಗುಳಿದಳು. ಮೂರು ಸಲ ಮುಕ್ಕಳಿಸಿದರೂ ಕಹಿ ಗಂಟಲಿಗೆ ಅಂಟಿಕೊಂಡೇ ಇತ್ತು.

ಅವಳೂ ಗಂಡ ದಾಮೋದರನೂ ಅಹಮದಾಬಾದಿನ ನವರಂಗಪುರದಲ್ಲಿ ಉಡುಪಿ ಹೋಟೆಲು ಹಾಕಿ ಹತ್ತೊಂಬತ್ತು ವರ್ಷ. ಹೋದ ತಿಂಗಳು ದಾಮೋದರ ಯಾರದೋ ಬಂಗಲೆ ಕೆಡವಿದ ಕಡೆಯಿಂದ ದೇವದಾರು ಹಲಗೆ ತಂದು, ಹತ್ತರಿ ಹೊಡೆಸಿ ನುಣುಪಾಗಿಸಿ, ಉಗ್ರಾಣಕ್ಕೆ ಆಳೆತ್ತರದ ಕಪಾಟು ಮಾಡಿಸಿದ್ದ. ರವೆಗೆ ಹುಳ ಬೀಳಬಾರದೆಂದು. ಬೀಳಲೂ ಇಲ್ಲ. ಬಂದವರಿಗೆಲ್ಲ ಬಾಗಿಲು ತೆರೆದು ಪರಿಮಳ ತೋರಿಸುತ್ತಿದ್ದ. ಬರೀ ತಟ್ಟೆ ಮುಚ್ಚಿದ ತುಪ್ಪದ ಪಾತ್ರೆಗಳನ್ನೂ ಅದರೊಳಗೇ ಇಡಿಸಿದ್ದ. ಜಯಂತಿ ವಾಸನೆಯ ಮಾತೆತ್ತಿದಾಗ, ಜ್ವರ ಬಂದ ಮೇಲೆ ನಿನ್ನ ಮೂಗು ಕೆಟ್ಟಿದೆ ಎಂದುಬಿಟ್ಟ.

ಅವಳ ಅಕ್ಕನ ಮಗಳು ಗಗನಾ ಇವರ ಮನೆಯಲ್ಲೇ ಇದ್ದು ಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದಳು. ಹೊಸ ಡಬ್ಬಿಯ ತುಪ್ಪವನ್ನು ಎರಡು ಬಟ್ಟಲಿಗೆ ಹಾಕಿ, ಒಂದನ್ನು ಕಪಾಟಿನಲ್ಲಿ, ಇನ್ನೊಂದನ್ನು ಫ್ರಿಜ್ಜಿನಲ್ಲಿಟ್ಟಳು. ಐದನೇ ದಿನ ಚಿಕ್ಕಮ್ಮನ ಕಣ್ಣು ಮುಚ್ಚಿಸಿ ಎರಡನ್ನೂ ಮೂಗಿಗೆ ಹಿಡಿದಳು. ಕಪಾಟಿನ ಬಟ್ಟಲಿಗೆ ಜಯಂತಿ ಮುಖ ತಿರುಗಿಸಿ ಓಕರಿಸಿದಳು.

ಗಗನಾ ಬಿಡಿಸಿ ಹೇಳಿದಳು. ಹುಳ, ಬೂಷ್ಟುಗಳಿಂದ ಉಳಿಯಲು ಮರ ತನ್ನ ನಡುವಿನ ಗಟ್ಟಿ ಭಾಗವಾದ ಚೇಗಿನಲ್ಲಿ ಎಣ್ಣೆಯಂಥ ಪದಾರ್ಥಗಳನ್ನು ತುಂಬಿಕೊಳ್ಳುತ್ತದೆ. ದೇವದಾರುವಿನಲ್ಲಿ ಹಿಮಾಚಲೀನ್, ಅಟ್ಲಾಂಟೋನ್ ಎಂದೆಲ್ಲ ಇವೆ. ಹತ್ತರಿ ಹೊಡೆದಾಗ ಹೊಸ ಮೈ ತೆರೆದುಕೊಂಡು, ಈ ಊರಿನ ಸೆಕೆಗೆ ಅವು ಗಾಳಿಗೇರುತ್ತವೆ. ನೀರಿನಲ್ಲಿ ಹೆಚ್ಚು ಕರಗುವುದಿಲ್ಲ, ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತವೆ.

“ತುಪ್ಪದಂಥ ಜಾಗ ಅವಕ್ಕೆ ಇನ್ನೆಲ್ಲಿ ಸಿಗ್ತದೆ, ಚಿಕ್ಕಮ್ಮ?”

ತಿಂದರೆ ಏನಾದೀತು ಎಂದು ಜಯಂತಿ ಕೇಳಿದ್ದಕ್ಕೆ, ಗೊತ್ತಿಲ್ಲ ಎಂದಳು. ಮೂರು ವಾರ ಬಡಿಸಿದ ತಟ್ಟೆಗಳೆಲ್ಲ ಜಯಂತಿಗೆ ನೆನಪಾದವು.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ದಾಮೋದರ ತಣ್ಣಗೆ ಹೇಳಿದ: “ಏಲಕ್ಕಿ ಇನ್ನೂ ಸ್ವಲ್ಪ ಜಾಸ್ತಿ ಹಾಕುವ. ಗೊತ್ತಾಗ್ಲಿಕ್ಕಿಲ್ಲ.”

“ಇನ್ನೂ ಅಂದ್ರೆ? ನಿಮಗೂ ವಾಸನೆ ಬರ್ತಿತ್ತಾ?”

ಅವನು ಅಡುಗೆ ಭಟ್ಟರಿಗೆ ಹೇಳಿ ಎರಡು ವಾರದಿಂದ ಏಲಕ್ಕಿ ಹೆಚ್ಚಿಸಿದ್ದು ಆಮೇಲೆ ಹೊರಬಿತ್ತು. ತುಪ್ಪಕ್ಕೆ ಹೇಸಿದ್ದಕ್ಕಿಂತ ಹೆಚ್ಚು ಅವಳಿಗೆ ಗಂಡನ ಮೇಲೆ ಹೇಸಿಗೆಯಾಯಿತು. ಅವನು ತೋಳು ಮುಟ್ಟಲು ಬಂದಾಗ, ಜಿಡ್ಡು ಮೆತ್ತಿದ ಕೈಯನ್ನು ಕಂಡವಳಂತೆ ಹಿಂದೆ ಸರಿದಳು.

ಮರುದಿನ ಅವಳೇ ನಿಂತು ಆ ತುಪ್ಪವನ್ನೆಲ್ಲ ಹರಿಯದಿರಲೆಂದು ಮರದ ಪುಡಿಗೆ ಸುರಿಸಿ ಕಸದ ಗಾಡಿಗೆ ಹಾಕಿಸಿದಳು. ಕಪಾಟಿಗೆ ಮೇಜಿನ ಬಟ್ಟೆಗಳು ಹೋದವು. ದಿನಾ ಬರುವವರ ಮೇಜಿಗೆ ಹೋಗಿ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಎದ್ದುಹೋದ ಇಬ್ಬರು ಮತ್ತೆ ಬರಲಿಲ್ಲ. ನಿವೃತ್ತ ಮಾಸ್ತರರಾದ ಗುಜರಾತಿ ಮುದುಕರೊಬ್ಬರು ಮಾತ್ರ ಬೆರಳು ನೆಕ್ಕುತ್ತ, ತಾನು ಆ ಪರಿಮಳವನ್ನು ಒಳ್ಳೆಯ ಕೇಸರಿ ದಳದ್ದೆಂದುಕೊಂಡಿದ್ದೆ, ಆ ತುಪ್ಪದ ಕೇಸರಿಬಾತು ಇನ್ನೊಂದು ತಟ್ಟೆ ಸಿಕ್ಕೀತೇ ಎಂದು ಕೇಳಿದರು.

ಜಯಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.